ಸುಮ್ಮನೆ ಕೂತವಳು

ಮಂಗಳವಾರ, ೧೪

ಆ ಮಾತು ನನ್ನ ಬಾಯಿಂದ ಯಾಕೆ ಬಂತೋ ತಿಳಿಯುತ್ತಿಲ್ಲ. ಕೂಲಿ ಕೆಲಸದವರ ಪಿಂಚಣಿ ಕಾರ್ಡು ಮಾಡಿಸಲು ಹೋಗಿದ್ದೆ. ಕೌಂಟರಿನವಳು "ಏನ್ ಕೆಲಸ ಮಾಡ್ತೀರಮ್ಮ?" ಅಂದಳು. "ಏನಿಲ್ಲ, ಮನೇಲೇ ಇರ್ತೀನಿ" ಅಂದುಬಿಟ್ಟೆ. ಅವಳು "ಗೃಹಿಣಿ" ಎಂದು ಬರೆದು, "ಹಾಗಾದ್ರೆ ಇದು ನಿಮಗಲ್ಲ" ಅಂತ ಅರ್ಜಿ ವಾಪಸ್ ಕೊಟ್ಟಳು.

ಹತ್ತೊಂಬತ್ತು ವರ್ಷದಿಂದ ಈ ಕಿಟಕಿಯ ಬಳಿ ಕೂತು ಗಾರ್ಮೆಂಟ್ಸ್‌ನವರು ಕೊಡುವ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದೇನೆ. ಈಗ ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣು ಮಂಜು. ಇದು ಕೆಲಸವೋ, ಅಲ್ಲವೋ? ಮನೆಯಲ್ಲೇ ಇರುತ್ತೇನೆ ಅಂದದ್ದು ಸುಳ್ಳೂ ಅಲ್ಲವಲ್ಲ.

ಅತ್ತೆ ಕೇಳಿದರು, "ಹೋದ ಕೆಲಸ ಆಯ್ತೇನೇ?"

"ಇಲ್ಲ ಅತ್ತೆ."

"ಹೋಗ್ಲಿ ಬಿಡು. ಸುಮ್ನೆ ಕೂತಿದೀಯಲ್ಲ, ಆ ಗುಂಡಿನಾದ್ರೂ ಹೊಲಿ."

ಹೊಲಿದೆ. ನಲವತ್ತು ಅಂಗಿ, ಸುಮ್ಮನೆ ಕೂತುಕೊಂಡೇ...