ಬಾಯಿಗೆ ಬಾರದ ಒಂದಕ್ಷರ

ಶುಕ್ರವಾರ, ಮಧ್ಯಾಹ್ನ

ನನ್ನ ಗಿಣಿಗೆ ಅಕ್ಕನ ಆಶೀರ್ವಾದಗಳು.

ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಹರಿಯಬೇಡ, ಓದು. ಏಳನೇ ಕ್ಲಾಸಿನವಳು ನಾನು, ನಿನ್ನ ಹಾಗೆ ಚೆಂದ ಮಾಡಿ ಬರೆಯಲು ಬರುವುದಿಲ್ಲ. ದೇವರ ದಯದಿಂದ ಚೆನ್ನಾಗಿದ್ದೇನೆ. ಮಂಡಿ ಮಾತ್ರ ಆಗಾಗ ಜಗಳ ತೆಗೆಯುತ್ತದೆ.

ಅಮ್ಮ ಹೋದ ಮೇಲೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸಕ್ಕೆ ಸೇರಿದೆ. ಅಲ್ಲಿ ದೇಶದೇಶದಿಂದ ಬಂದವರು, ಒಬ್ಬೊಬ್ಬರದು ಒಂದೊಂದು ಭಾಷೆ, ಹರಕುಮುರುಕು ಮಾತಲ್ಲೇ ಎಲ್ಲ ನಡೆಯಬೇಕು. ಒಣಗಿದ ಬೆಡ್‌ಶೀಟು ಮಡಚುವುದು ನನ್ನ ಪಾಲಿಗೆ ಬಂತು. ಒಬ್ಬಳಿಂದ ಆಗುವುದಲ್ಲ. ಇಬ್ಬರು ಎದುರುಬದುರು ನಿಂತು ಮೂಲೆ ಹಿಡಿದು, ಎಳೆದು, ಒದರಬೇಕು. ಆಮೇಲೆ ಒಬ್ಬಳು ಇನ್ನೊಬ್ಬಳ ಹತ್ತಿರ ನಡೆದು ಬರಬೇಕು. ನನ್ನ ಜೊತೆಯವಳ ಎತ್ತರ ನೋಡಿ ಎಲ್ಲರೂ ಉದ್ದಕ್ಕ ಅನ್ನುತ್ತಿದ್ದೆವು. ಮೊದಲ ದಿನ ಮರೆತು ನಮ್ಮ ಭಾಷೆಯಲ್ಲೇ "ಬಾ" ಅಂದೆ. ಅವಳು ನಿಂತಲ್ಲೇ ಮೂರು ಬೆರಳು ತೋರಿಸಿದಳು. ಅವಳ ಭಾಷೆಯಲ್ಲಿ ಬಾ ಅಂದರೆ ಮೂರಂತೆ! ಇಸ್ತ್ರಿಯವಳು ಬಿದ್ದೂ ಬಿದ್ದೂ ನಕ್ಕು, ನಮ್ಮಲ್ಲಿ ಬಾ ಅಂದ್ರೆ ತಾಯಿ ಕಣೇ, ಅಮ್ಮ ಅಂತ ಕರೆದುಬಿಟ್ಯಲ್ಲ, ಇನ್ಮೇಲೆ ತುತ್ತೂ ಅವಳೇ ಇಡಲಿ ಅಂದಳು. ಹರಿದದ್ದನ್ನು ಹೊಲಿಯುವವಳು ಸುಮ್ಮನಿರುತ್ತಾಳೆಯೇ? ಅವಳ ಕಡೆ ಇಲ್ಲ ಅನ್ನಬೇಕಾದರೆ ಮಾತಿನ ಮುಂದೊಂದು ಹಿಂದೊಂದು ಬಾ ಹಚ್ಚುತ್ತಾರಂತೆ. ನೀನು ಕರೀತಿದ್ದೀಯೋ ಓಡಿಸ್ತಿದ್ದೀಯೋ ಅಂತ ಕೇಳಿದಳು. ನಿನ್ನನ್ನಾದ್ರೆ ಓಡಿಸ್ತಿದ್ದೀನಿ ಅಂದೆ.

ಉಗ್ರಾಣ ನೋಡಿಕೊಳ್ಳುವ ಯಜಮಾನರಿಗೆ ನಿಘಂಟಿನ ಹುಚ್ಚು. ಅವರು ಬಿಡಿಸಿ ಹೇಳಿದರು: ಈ ಮಾತುಗಳು ಒಂದಕ್ಕೊಂದು ನೆಂಟರಲ್ಲ. ನಮ್ಮ ಬಾ ಹಿಂದೆ ವಕಾರದಲ್ಲಿ "ವಾ" ಅಂತಿತ್ತು, ನಮ್ಮ ಭಾಷೆಯ ಒಡಹುಟ್ಟುಗಳಲ್ಲಿ ಕೆಲವಕ್ಕೆ ಇನ್ನೂ ಹಾಗೇ ಇದೆ. ತಾಯಿ ಅನ್ನುವ ಬಾ ಎಳೆಮಗುವಿನ ತುಟಿಯಲ್ಲಿ ಹುಟ್ಟಿದ್ದಿರಬೇಕು. ಮೂರರ ಬಾ ಇನ್ನೆಲ್ಲಿಯದೋ. ಮುಖ ಒಂದೇ, ರಕ್ತಸಂಬಂಧವಿಲ್ಲ ಅಂದರು.

ಆವತ್ತು ನನಗೆ ಊಟ ಸೇರಲಿಲ್ಲ, ಗಿಣಿ. ನಮ್ಮದು ರಕ್ತ ಒಂದೇ, ಮುಖ ನೋಡಿ ಈಗ ಏಳು ವರ್ಷದ ಮೇಲಾಯಿತು.

ಅಪ್ಪ ನಮಗೆ ಮಾಡಿದ ಅಭ್ಯಾಸ ನೋಡು. ಮನೆಯವರೇ ಆದರೂ ಒಳಗಿನಿಂದ ಒಬ್ಬರು ಬಾ ಅನ್ನುವವರೆಗೆ ಹೊಸ್ತಿಲು ದಾಟುವಂತಿರಲಿಲ್ಲ. ಶಾಲೆಯಿಂದ ಬಂದು ಚೀಲ ಹೊತ್ತು ನಿಂತಿರುತ್ತಿದ್ದೆವು. ಅಮ್ಮ ತೀರಿಕೊಂಡ ಮೂರನೇ ದಿನ ನೀನು ಬಂದದ್ದೂ ಹಾಗೆಯೇ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ತಳ್ಳಿ ಒಳಗೆ ಬಂದು ನನ್ನ ಕೊರಳಿಗೆ ಬಿದ್ದು ಅಳುತ್ತಿದ್ದರು. ನೀನು ನಿಂತೆ. ನಾನು ದೇವರ ಮುಂದೆ ಕೂತಿದ್ದೆ, ಕೇಳಿಸಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ಪ್ರಾರ್ಥನೆ ಆಗಲೇ ಮುಗಿದಿತ್ತು. ನೀನು ಎರಡು ಸಲ "ಅಕ್ಕಾ" ಅಂದದ್ದು ಕೇಳಿಸಿತು. ಅಮ್ಮನ ಹೇಲು ಉಚ್ಚೆ ಬಾಚಿದವಳು ನಾನು, ಇವಳು ಈಗ ಬಂದಳಲ್ಲ, ನಿಲ್ಲಲಿ ಇನ್ನೊಂದು ಗಳಿಗೆ ಅಂದುಕೊಂಡೆ. ಒಂದೇ ಗಳಿಗೆ ಕಣೇ. ಎದ್ದು ಬರುವಷ್ಟರಲ್ಲಿ ಬೀದಿ ಖಾಲಿ. ದೇವರ ಹೆಸರು ಅಡ್ಡ ಹಿಡಿದು ಸುಳ್ಳಾಡಿದ ಮೇಲೆ ಏಳು ವರ್ಷದಿಂದ ಅವನ ಮುಂದೆ ಕೂತರೂ ಮಾತು ಹೊರಡುವುದಿಲ್ಲ.

ಉದ್ದಕ್ಕ ಹೋದ ತಿಂಗಳು ಮಗಳ ಮನೆಗೆ ಹೊರಟುಹೋದಳು. ಮೂರು ಬೆರಳು ತೋರಿಸಿದವಳೇ ಆಮೇಲೆ ದಿನಕ್ಕೆ ನೂರು ಸಲ ನನ್ನ "ಬಾ"ಗೆ ಓಗೊಟ್ಟು ನಡೆದು ಬರುತ್ತಿದ್ದಳು. ಈಗ ಆ ಮಾತು ಹೇಳಲು ನನಗೆ ಯಾರೂ ಇಲ್ಲ. ಬಾಯಿಯೇ ಒಣಗಿಹೋಗಿದೆ.

ತಪ್ಪು ನನ್ನದು. ನೀನು ತಡ ಮಾಡಿದ್ದು ಯಾಕೆಂದು ಇವತ್ತಿಗೂ ಕೇಳುವುದಿಲ್ಲ. ನೀನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಬಾ ಗಿಣಿ. ಮುಂಚೆ ತಿಳಿಸಿದರೆ ರಜೆ ಹಾಕುತ್ತೇನೆ.

ಇಂತಿ,
ನಿನ್ನ ಅಕ್ಕ

ತಾ.ಕ.: ರಜೆಯ ಮಾತು ಬಿಡು. ಹೋದ ತಿಂಗಳು ಮಡಚುವ ಮೆಷಿನ್ನು ತಂದು ಉದ್ದಕ್ಕನನ್ನೂ ನನ್ನನ್ನೂ ಒಂದೇ ದಿನ ಕೆಲಸದಿಂದ ಬಿಡಿಸಿದರು. ಅಕ್ಕಪಕ್ಕದವರಿಗೆ ಗೊತ್ತಾಗಬಾರದೆಂದು ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟು, ಸಂಜೆಯವರೆಗೆ ಬಸ್ ನಿಲ್ದಾಣದಲ್ಲಿ ಕೂತು ಬರುತ್ತೇನೆ. ಇದನ್ನೂ ಅಲ್ಲೇ ಬರೆದೆ. ನಾಳೆಯಿಂದ ಹೋಗುವುದಿಲ್ಲ. ಅವರು ಏನಾದರೂ ಅಂದುಕೊಳ್ಳಲಿ. ನೀನು ಬಂದಾಗ ಬೀಗ ಇರಬಾರದು.