ಸೀರೆಯ ಮಡಿಕೆಯಲ್ಲಿ ಉಳಿದ ಕಿವಿ

ಗದಗ, ಎರಡನೇ ಶ್ರಾವಣದ ಮೂವತ್ತೇಳನೆಯ ದಿನ, ೨೨೩೬

ಶಿವಲೀಲಾ ಅಜ್ಜಿಯವರಿಗೆ ನಿಮ್ಮ ವಂಶದ ತಾರಿಣಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗಿನ್ನೂ ಮದುವೆಯೇ ಆಗಿಲ್ಲ, ಅಜ್ಜಿ ಎಂದರೆ ಸಿಟ್ಟೂ ಬರಬಹುದು. ಬೇರೆ ಏನೆಂದು ಕರೆಯಲಿ?

ನಾಳೆ ನಿಮ್ಮ ಸ್ಟುಡಿಯೋದಲ್ಲಿ ನಡೆಯುವುದೆಲ್ಲ ಮನೆಯವರ ಬಾಯಿಮಾತಿನಲ್ಲಿ ನನ್ನವರೆಗೆ ಬಂದಿದೆ. ತೀರಿಕೊಂಡ ನಿಮ್ಮ ಅವ್ವ ಗುರುಸಿದ್ಧವ್ವನ ಕಪ್ಪು-ಬಿಳುಪು ಫೋಟೋ ಗೋಡೆಗೆ ಹಾಕಬೇಕು. ಅದಕ್ಕೆ ನೀವು ಎರಡು ಬಗೆಯ ಕಾಗದ ತರಿಸಿದ್ದೀರಿ: ಒಂದು ಪ್ಲಾಸ್ಟಿಕ್ ಲೇಪದ ಹೊಳಪಿನದು, ಇನ್ನೊಂದು ಹತ್ತಿಯಿಂದ ಮಾಡಿದ, ಹೊಳಪಿಲ್ಲದ ದಪ್ಪನೆಯದು. ಪ್ರಿಂಟರುಗಳೂ ಎರಡಿವೆ. ಒಂದು ನೀರಿನಂತೆ ತೆಳುವಾದ ಬಣ್ಣಬಣ್ಣದ ಇಂಕುಗಳನ್ನು ಬೆರೆಸಿ ಕಪ್ಪು ಮಾಡುತ್ತದೆ. ಇನ್ನೊಂದರಲ್ಲಿರುವುದು ಇಂಗಾಲದ ನುಣ್ಣನೆಯ ಪುಡಿ ಸೇರಿದ ಪಿಗ್ಮೆಂಟ್ ಇಂಕು. ಹತ್ತಿ ಕಾಗದ ದುಬಾರಿಯಾದ್ದರಿಂದ ಮೊದಲು ಒಂದು ಸಣ್ಣ ಪಟ್ಟಿಯ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಪರೀಕ್ಷೆ ಮಾಡುತ್ತೀರಿ. ಅವ್ವನ ನರೆಗೂದಲು, ಕಿವಿ, ಕಪ್ಪು ಸೀರೆಯ ಹೆಗಲು ಒಟ್ಟಿಗೆ ಬರುವ ಜಾಗವನ್ನೇ ಆರಿಸುತ್ತೀರಿ, ಏಕೆಂದರೆ ಕಪ್ಪಿನಲ್ಲಿ ನೆರಿಗೆ ಕಾಣಬೇಕು, ಬಿಳಿಯಲ್ಲಿ ಕೂದಲೆಳೆ ಉಳಿಯಬೇಕು. ಬೂದುಬಣ್ಣ ಕೆಂಪಿಗೋ ಹಸಿರಿಗೋ ವಾಲಿದೆಯೇ ಎಂದು ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡುತ್ತೀರಿ. ವಾಲಿರುವುದಿಲ್ಲ. ನಿಮ್ಮ ಕೆಲಸ ಅಚ್ಚುಕಟ್ಟು.

ಆಗ ನಿಮ್ಮ ಅಣ್ಣ ಚೆನ್ನವೀರಪ್ಪನವರು ಬರುತ್ತಾರೆ. "ಅವ್ವನ ಫೋಟೋ ಅಂದ್ರ ಫಳಫಳ ಹೊಳಿಬೇಕವಾ. ಇದೇನು, ಬೂದಿ ಬಳದಂಗ ಐತಿ?" ಎನ್ನುತ್ತಾರೆ. ಈ ಮಾತು ಅಳಿದಿಲ್ಲ ಅಜ್ಜಿ. ಇಂದಿಗೂ ಸಾರಿಗೆ ಉಪ್ಪು ಸಾಲದಿದ್ದರೆ ನಮ್ಮ ಮನೆಯಲ್ಲಿ "ಬೂದಿ ಬಳದಂಗ ಐತಿ" ಎಂದು ನಗುತ್ತೇವೆ. ನೆಂಟರೆಲ್ಲ ಅಣ್ಣನ ಮಾತಿಗೇ ತಲೆಯಾಡಿಸುತ್ತಾರೆ, ನೀವು ಸೋಲುತ್ತೀರಿ. ಹೊಳಪಿನ ಕಾಗದ, ಬಣ್ಣ ಬೆರೆಸಿದ ಅಗ್ಗದ ಇಂಕು, ಮೇಲೊಂದು ಲ್ಯಾಮಿನೇಷನ್, ಅದರ ಮೇಲೆ ಹಗಲೂ ರಾತ್ರಿ ಉರಿಯುವ ಪುಟ್ಟ ಬಲ್ಬು.

ಆ ಫೋಟೋ ಮೊದಲು ಹಸಿರಾಯಿತಂತೆ, ಆಮೇಲೆ ಬಿಳಿಚಿಕೊಂಡಿತಂತೆ. ಮುಖ ಪೂರ್ತಿ ಅಳಿಸಿಹೋದ ಮೇಲೂ ಬಹಳ ಕಾಲ ಬರಿ ಹಾಳೆಗೇ ಮಾಲೆ ಹಾಕುತ್ತಿದ್ದರಂತೆ. ಪರೀಕ್ಷೆಯ ಪಟ್ಟಿಯನ್ನು ಮಾತ್ರ ನೀವು ಎಸೆಯಲಿಲ್ಲ. ಅವ್ವನ ಇಳಕಲ್ ಸೀರೆಯ ಮಡಿಕೆಯೊಳಗೆ, ಕತ್ತಲಲ್ಲಿ ಇಟ್ಟಿರಿ. ಅದೀಗ ನನ್ನ ಮುಂದಿದೆ. ಕಪ್ಪು ಕಪ್ಪಾಗಿಯೇ ಇದೆ, ಒಂದು ಕೂದಲೆಳೆಯೂ ಮಾಸಿಲ್ಲ.

ನಮ್ಮ ಮನೆಗಳಲ್ಲಿ ಬೆಳಕುಗೋಡೆಗಳಿದ್ದವು. ಕೇಳಿದ ಚಿತ್ರವನ್ನು ಗೋಡೆಯೇ ತೋರಿಸುತ್ತಿತ್ತು, ಹಾಗಾಗಿ ಕಾಗದದ ಹಂಗು ಯಾರಿಗೂ ಬೇಕಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ದಿನ ಊರಿನ ಗೋಡೆಗಳೆಲ್ಲ ಖಾಲಿಯಾದವು, ಮತ್ತೆ ತುಂಬಲಿಲ್ಲ. ಅದನ್ನು ನಾವು ಬರಿಗೋಡೆಯ ವರ್ಷ ಎನ್ನುತ್ತೇವೆ. ಈಗ ಓಣಿಗೊಂದು ಸ್ಪರ್ಶಮನೆ ಇದೆ. ಅಮಾವಾಸ್ಯೆಯಂದು ಜನ ತಮ್ಮಲ್ಲಿ ಉಳಿದ ಕಾಗದಗಳನ್ನು ಅಲ್ಲಿಗೆ ತರುತ್ತಾರೆ. ಕೈ ತೊಳೆದು ಒಬ್ಬೊಬ್ಬರಾಗಿ ಮುಟ್ಟುತ್ತಾರೆ. ಗುರುಸಿದ್ಧವ್ವನ ಕಿವಿ ಮುಟ್ಟಲು ಮಕ್ಕಳ ಸಾಲೇ ನಿಲ್ಲುತ್ತದೆ. ಯಾರ ಕಿವಿ ಎಂದು ಕೇಳಿದರೆ ಹೆಮ್ಮೆಯಿಂದ ನಮ್ಮದು ಎನ್ನುತ್ತೇನೆ.

ನನ್ನ ಅವ್ವ ಬರಿಗೋಡೆಯ ವರ್ಷಕ್ಕೆ ಮುಂಚೆಯೇ ತೀರಿಹೋದಳು, ಅವಳ ಚಿತ್ರಗಳು ಗೋಡೆಯೊಂದಿಗೆ ಹೋದವು. ಅವಳ ಕಣ್ಣು ಥೇಟ್ ಗುರುಸಿದ್ಧವ್ವನದೇ ಎಂಬ ಮಾತು ನಮ್ಮ ಮನೆಯಲ್ಲಿತ್ತಂತೆ. ಈ ಕಿವಿಯನ್ನು ಎಷ್ಟು ನೋಡಿದರೂ ಕಣ್ಣು ಸಿಗುವುದಿಲ್ಲ. ನನಗೆ ಅವ್ವ ಬೇಕು ಅಜ್ಜಿ.

ಅಣ್ಣನ ಜೊತೆ ಜಗಳವಾಡಿ ಎಂದು ಹೇಳುತ್ತಿಲ್ಲ, ಗೋಡೆಯ ಮೇಲೆ ಹೊಳಪಿನದೇ ಇರಲಿ. ನಾಳೆ ಪರೀಕ್ಷೆಯ ಪಟ್ಟಿಗೆ ಜಾಗ ಆರಿಸುವಾಗ ಮಾತ್ರ ಸ್ವಲ್ಪ ಈಚೆಗೆ ಸರಿಸಿ, ಕಣ್ಣು ಬರುವಂತೆ. ಪಾಪೆಯಲ್ಲೂ ಕಪ್ಪಿದೆ, ಅದರೊಳಗಿನ ಹೊಳಪಿನಲ್ಲಿ ಬಿಳಿಯಿದೆ, ನಿಮ್ಮ ಪರೀಕ್ಷೆಗೆ ಅಷ್ಟು ಸಾಕು. ಕಿವಿ ಹೋದರೆ ಹೋಗಲಿ, ಮಕ್ಕಳಿಗೆ ನಾನು ಸಮಾಧಾನ ಹೇಳುತ್ತೇನೆ. ಆ ಫೋಟೋ ತೆಗೆದವರು ನೀವೇ, ಗುರುಸಿದ್ಧವ್ವ ನೋಡುತ್ತಿದ್ದದ್ದು ನಿಮ್ಮನ್ನೇ. ನನ್ನ ಅವ್ವ ನನ್ನನ್ನು ಹೇಗೆ ನೋಡುತ್ತಿದ್ದಳೋ ನನಗೆ ನೆನಪಿಲ್ಲ.

ಪಟ್ಟಿಯನ್ನು ಒಳಗಿಟ್ಟು ಸೀರೆಯನ್ನು ಮತ್ತೆ ಮಡಚಿಟ್ಟಿದ್ದೇನೆ. ಈ ಪತ್ರ ನಿಮಗೆ ಮುಟ್ಟಿತೋ ಇಲ್ಲವೋ, ಬೆಳಿಗ್ಗೆ ಬಿಚ್ಚಿದಾಗ ತಿಳಿಯುತ್ತದೆ.

ನಿಮ್ಮ ಕಿವಿಯವಳು,
ತಾರಿಣಿ