ಕೂತೇ ಇಳಿದು ಬಂದ ಶಿವಶರಣನಿಗೆ

ಗೆಳೆಯ ಶಿವಶರಣಾ,

ಕ್ಷೇಮವೇ ಎಂದು ಕೇಳಿ ಕಾಗದ ಶುರು ಮಾಡುವುದು ನಮ್ಮ ರೂಢಿ. ನಿನ್ನನ್ನು ಹಾಗೆ ಹೇಗೆ ಕೇಳಲಿ? ನಾನಂತೂ ಪೆನ್ಶನ್ ಮೇಲೆ ಬಂದು ನಿಂಬರ್ಗಾದಲ್ಲೇ ಇದ್ದೇನೆ. ಮೀಸೆ ಬೆಳ್ಳಗಾಗಿದೆ, ಬಲಗಿವಿ ಆಗ ಮುಚ್ಚಿದ್ದು ಈಗಲೂ ತೆರೆದಿಲ್ಲ. ನಿನ್ನೆ ನಿನ್ನವ್ವ ನನಗೊಂದು ಕೆಲಸ ಹೇಳಿದಳು. ಅದನ್ನು ನಿನಗೆ ತಿಳಿಸದೆ ಇರಲು ಮನಸ್ಸು ಬರಲಿಲ್ಲ. ಅದೇನೆಂದು ಕೊನೆಗೆ ಹೇಳುತ್ತೇನೆ. ಮೊದಲು ಬೇರೆ ಕೆಲವು ಮಾತುಗಳಿವೆ.

ಸೈನ್ಯಕ್ಕೆ ಭರ್ತಿಯಾದ ದಿನ ಗುಲಬರ್ಗಾದಿಂದ ನಾವಿಬ್ಬರೂ ಬಸ್ಸಿನ ಮೇಲೆ ಹತ್ತಿ ಕೂತು ಕೂಗುತ್ತಾ ಊರಿಗೆ ಬಂದದ್ದು ನೆನಪಿದೆಯೇ? ನಮ್ಮಪ್ಪ ಓಣಿಗೆಲ್ಲ ಹೋಳಿಗೆ ಹಂಚಿಸಿದ. "ನನ್ನ ಮಗನ ಕೈಯಾಗ ಸರಕಾರಿ ಬಂದೂಕ ಬಂತು" ಎಂದು ಆಳಂದದ ಸಂತೆಯಲ್ಲೂ ಹೇಳಿದ, ಅಫಜಲಪುರದ ಬೀಗರ ಮನೆಯಲ್ಲೂ ಹೇಳಿದ. ಆ ಬಂದೂಕು ನನ್ನ ಕೈಯಲ್ಲಿ ಎಷ್ಟು ದಿನ ಉಳಿಯಿತು? ಮಾರ್ಟರ್ ಅಭ್ಯಾಸದಲ್ಲಿ ಕಿವಿಯ ತಮಟೆ ಹರಿಯಿತು. ಡಾಕ್ಟರು ನನ್ನನ್ನು ಕೆಳಗಿನ ದರ್ಜೆಗೆ ಇಳಿಸಿದರು. ಮನೆಗೆ ಹೋಗು, ಇಲ್ಲವೇ ಬೇರೆ ಕೆಲಸ ಕಲಿ ಎಂದರು ಸಾಹೇಬರು. ಹೋಳಿಗೆ ತಿಂದ ಊರಿಗೆ ಯಾವ ಮುಖ ಹೊತ್ತು ಹೋಗಲಿ? ಕಲಿಯುತ್ತೇನೆ ಎಂದೆ. ಕೊಟ್ಟದ್ದು ಗುಡ್ಡದ ಠಾಣೆಗಳಿಗೆ ಸಾಮಾನು ಹೊರುವ ಹೇಸರಗತ್ತೆಗಳ ಕಂಪನಿ. ಬಂದೂಕು ಒಪ್ಪಿಸಿ ಹೊರಗೆ ಬಂದಾಗ ನೀನು ಬಾಗಿಲಲ್ಲೇ ನಿಂತಿದ್ದೆ. ನನ್ನ ಬರಿಗೈ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದೆ. ಅವತ್ತು ನೀನು ನಕ್ಕಿದ್ದರೂ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಕಲಿಕೆಯ ಮೊದಲ ದಿನದ ಕಥೆ ನಿನಗೆ ಹೇಳಿದ್ದೇನೋ ಇಲ್ಲವೋ… ಒಂದು ಹೇಸರಗತ್ತೆ ಇಳಿಜಾರಿನಲ್ಲಿ ಮೊಂಡು ಹಿಡಿದು ನಿಂತಿತು. ಎತ್ತು ನಿಂತರೆ ನಾವು ಏನು ಮಾಡುತ್ತೇವೆ? ಬಾಲ ತಿರುವುತ್ತೇವೆ. ಹುಟ್ಟಿದಾಗಿನಿಂದ ಅಪ್ಪನ ಕೈಯಲ್ಲಿ ಅದನ್ನೇ ನೋಡಿದವನು ನಾನು. ಹಿಂದೆ ಹೋಗಿ ಬಾಲ ಹಿಡಿದು ತಿರುವಿದೆ ನೋಡು, ತೊಡೆಗೆ ಬಿದ್ದ ಒದೆಗೆ ಲದ್ದಿಯಲ್ಲಿ ಅಂಗಾತ ಬಿದ್ದೆ. ಜೊತೆಗೆ ಕಲಿಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೇ ಭಾಯಿ, ಯೇ ಬೈಲ್ ನಹೀಂ ಹೈ!" ಇದು ಎತ್ತಲ್ಲ, ಎಂದು ಕಲಿಸುವ ಉಸ್ತಾದರು ಕೈ ಹಿಡಿದು ಎಬ್ಬಿಸಿದರು. ನೋವು ನಾಲ್ಕು ದಿನಕ್ಕೆ ಹೋಯಿತು. ಆದರೆ ನಮ್ಮ ಕಡೆ ಕತ್ತೆಯ ಜೊತೆ ಒಬ್ಬನ ಹೆಸರು ಸೇರಿದರೆ ಏನರ್ಥ ಎಂದು ನಿನಗೆ ಗೊತ್ತು. ಮರ್ಯಾದೆ ಕಳೆದುಕೊಂಡವನನ್ನು ಅದರ ಮೇಲೆ ಕೂರಿಸಿ ಊರು ಸುತ್ತಿಸುವ ಕಡೆಯವರು ನಾವು. ಅಲ್ಲಿಂದ ಮುಂದೆ ಕಲಿತದ್ದೆಲ್ಲ ತಲೆ ತಗ್ಗಿಸಿಯೇ ಕಲಿತೆ. ಗೊರಸು ತೊಳೆಯುವುದು, ಬೆನ್ನು ಹುಣ್ಣಾಗದಂತೆ ಕಂಬಳಿ ಮಡಚಿ ಹಾಸುವುದು, ಎಡಬಲ ತೂಕ ಸಮನಾಗಿ ಹೊರೆ ಬಿಗಿಯುವುದು. ಹೊರೆ ವಾಲಿದರೆ ಪ್ರಾಣಿಯೂ ಕಣಿವೆಗೆ, ಹೊರೆಯೂ ಕಣಿವೆಗೆ.

ನೀನು ರಜೆಯ ಮೇಲೆ ಊರಿಗೆ ಹೊರಟಾಗ ನಿನ್ನ ಕೈ ಹಿಡಿದು ಬೇಡಿಕೊಂಡೆನಲ್ಲ, ಅಪ್ಪನಿಗೆ ಹೇಳಬೇಡ ಎಂದು? ನೀನು ಒಂದೇ ಮಾತಿನಲ್ಲಿ ಕೆಲಸ ಮುಗಿಸಿದೆ. "ಮಲ್ಲಿ ಈಗ ಗಾಡಿ ನಡಸ್ತಾನ್ರಿ ಕಾಕಾ" ಎಂದೆಯಂತೆ. ಎಷ್ಟು ದೊಡ್ಡ ಗಾಡಿ ಎಂದು ಅಪ್ಪ ಕೇಳಿದನಂತೆ. "ಭಾಳ ದೊಡ್ಡದ್ರಿ, ಗುಡ್ಡಾನೂ ಏರ್ತದ" ಎಂದೆಯಂತೆ ನೀನು, ಮುಖದ ಒಂದು ಗೆರೆಯೂ ಅಲುಗದಂತೆ. ಅಪ್ಪ ನನ್ನನ್ನು ಮಿಲಿಟರಿ ಡ್ರೈವರ್ ಮಾಡಿ ಊರಿಗೆಲ್ಲ ಸಾರಿದ. ಊರಿನಿಂದ ಬಂದ ಕಾಗದದಲ್ಲಿ ಅದನ್ನು ಓದಿ ನಗು ಬಂತು. ಆಮೇಲೆ ಆ ಕಾಗದ ತೆಗೆದುಕೊಂಡು ಲಾಯಕ್ಕೆ ಹೋಗಿ, ಹುಲ್ಲಿನ ಮೇಲೆ ಕೂತು ಅತ್ತೆ.

ನಿನ್ನ ಪಲ್ಟನ್ ನಾನು ಸಾಮಾನು ಮುಟ್ಟಿಸುತ್ತಿದ್ದ ಗಡಿಯ ಹಿಮದ ಗುಡ್ಡಕ್ಕೇ ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಮಂಕಿ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಸೀಮೆಎಣ್ಣೆ ಡಬ್ಬಿಗಳನ್ನು ಏರಿಸುತ್ತಿದ್ದೆ. ಕಡಿದಾದ ಕಡೆ ಬಾಯಿಗೆ ಬರುವುದು ಊರಿನ ಮಾತೇ ಅಲ್ಲವೇ? "ಹೋ ಹೋ… ಏರಪ್ಪಾ ಏರು, ನನ್ನ ರಾಜಾ" ಎನ್ನುತ್ತಿದ್ದೆ. ಮೇಲಿನಿಂದ ಒಂದು ದನಿ ಬಂತು. "ಯಾವನ್ಲೇ ಅಂವ, ಗುಡ್ಡದಾಗ ನಮ್ಮ ಎತ್ತಿನ ಮಾತ ಆಡಾಕತ್ತಾನ?" ನನಗೆ ಅಲ್ಲೇ ಹಿಮದಲ್ಲಿ ಹೂತುಹೋಗಬೇಕು ಅನಿಸಿತು. ನೀನು ಜಾರುತ್ತಾ ಇಳಿದು ಬಂದು ಮೊದಲು ಹೇಸರಗತ್ತೆಯ ಕೊರಳು ತಟ್ಟಿದೆ, ಆಮೇಲೆ ನನ್ನ ಬೆನ್ನು ತಟ್ಟಿದೆ. "ಛಲೋ ಸಾಕಿದೀಲೇ ಮಲ್ಯಾ. ನಮಗ ಎಣ್ಣಿ ಬ್ಯಾಳಿ ಮುಟ್ಟಸಾಂವ ನೀನೇ ಏನು?" ಎಂದೆ. ಸೊಕ್ಕೂ ಇರಲಿಲ್ಲ, ಕನಿಕರವೂ ಇರಲಿಲ್ಲ ನಿನ್ನ ಮಾತಿನಲ್ಲಿ. ನಾನೋ, ನಿನ್ನ ಹೆಗಲ ಮೇಲಿನ ಬಂದೂಕನ್ನೇ ನೋಡುತ್ತಾ ನಿಂತಿದ್ದೆ. ಎರಡು ಮಾತು ನೆಟ್ಟಗೆ ಆಡಲಿಲ್ಲ. ಅದೇ ಕೊನೆಯ ಭೇಟಿ ಎಂದು ಯಾರಿಗೆ ಗೊತ್ತಿತ್ತು?

ನಿನ್ನನ್ನು ಗುಂಡು ಕೊಲ್ಲಲಿಲ್ಲ. ಎತ್ತರದ ಗಾಳಿ ಎದೆಯಲ್ಲಿ ನೀರು ತುಂಬಿಸಿತು. ಹಿಮ ಬೀಳುತ್ತಿತ್ತು, ಹೆಲಿಕಾಪ್ಟರ್ ಬರುವಂತಿರಲಿಲ್ಲ. ನಾನು ಹೇಸರಗತ್ತೆ ಹೊಡೆದುಕೊಂಡು ಮೇಲೆ ಮುಟ್ಟುವ ಹೊತ್ತಿಗೆ ನೀನು ಬಂಕರಿನ ಗೋಡೆಗೆ ಒರಗಿ, ಕಂಬಳಿ ಹೊದ್ದು, ಕಾಲು ಮಡಚಿ ಕೂತೇ ಸೆಟೆದಿದ್ದೆ. ಹೊರೆಯ ಹಾಗೆ ಅಡ್ಡಡ್ಡ ಕಟ್ಟಲು ಜವಾನರು ನಿನ್ನ ಕಾಲು ನೆಟ್ಟಗೆ ಮಾಡಲು ಬಂದರು. ನಾನು ನಡುವೆ ನಿಂತೆ. "ಲಿಂಗ ಕಟ್ಟಿದ ನಮ್ಮವರು ಸತ್ತರೆ ಕೂರಿಸಿಯೇ ಒಯ್ಯುವುದು, ಕೂರಿಸಿಯೇ ಮಣ್ಣು ಕೊಡುವುದು" ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಸುಬೇದಾರ್ ಸಾಹೇಬರು ನನ್ನ ಮುಖ ನೋಡಿ, "ಕೂರಿಸಲು ನಿನಗೆ ಬರುತ್ತದೆಯೇ?" ಎಂದರು. ಬರುತ್ತದೆ ಎಂದೆ. ಹೇಸರಗತ್ತೆಯ ಮೇಲೆ ಕೂರಿಸಿ, ನಿನ್ನ ಬೆನ್ನಿಗೊಂದು ಹಲಗೆ ಕೊಟ್ಟು, ಎಡಬಲಕ್ಕೆ ಜೋಳಿಗೆ ತುಂಬಿ ಕಟ್ಟಿ, ಎದೆ ಸೊಂಟ ತೊಡೆ ಹಗ್ಗದಲ್ಲಿ ಬಿಗಿದೆ. ಹಗ್ಗದ ಕೆಳಗೆ ನನ್ನ ಮಫ್ಲರ್ ಇಟ್ಟೆ, ನಿನಗೆ ಒತ್ತಬಾರದೆಂದು. ಹುಚ್ಚ ನಾನು. ಇಳಿಯುವಾಗ ದಾರಿಯುದ್ದಕ್ಕೂ ನಿನ್ನ ಮೊಣಕಾಲು ಹಿಡಿದುಕೊಂಡೇ ನಡೆದೆ. ಊರಿಗೆ ಕಳಿಸುವ ದಾರಿ ಹಿಮದಲ್ಲಿ ಮುಚ್ಚಿತ್ತು, ಕೆಳಗೇ ಬೆಂಕಿ ಹಾಕಿ ನೆಲ ಮೆತ್ತಗೆ ಮಾಡಿ ಅಗೆದರು. ನಿನ್ನ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟೆ. ಸ್ವಾಮಿಗಳಿರಲಿಲ್ಲ. ಬರುವಷ್ಟು ಮಂತ್ರ ನಾನೇ ಅಂದೆ.

ರಜೆ ಸಿಕ್ಕಿ ಊರಿಗೆ ಬಂದಾಗ ನಿನ್ನವ್ವ ಅನ್ನ ನೀರು ಬಿಟ್ಟು ಕೂತಿದ್ದಳು. ಜೇವರ್ಗಿಯಿಂದ ನಿನ್ನ ಅಕ್ಕ ಬಂದಿದ್ದಳು, ಓಣಿಯ ಹಿರಿಯರಿದ್ದರು, ನಮ್ಮಪ್ಪನೂ ಕಂಬಕ್ಕೆ ಒರಗಿ ಕೂತಿದ್ದ. ಮಗ ಹೋದ ದುಃಖಕ್ಕಿಂತ ಹೆಚ್ಚಾಗಿ ಇನ್ನೊಂದು ಚಿಂತೆ ಅವಳನ್ನು ತಿನ್ನುತ್ತಿತ್ತು.

"ತಮ್ಮಾ, ಖರೇ ಹೇಳು. ನನ್ನ ಮಗನ್ನ ಮಲಗಿಸಿ ಒಯ್ದರೇನು? ಸುಟ್ಟರೇನು?"

"ಇಲ್ಲ ಯವ್ವಾ, ಕುಂದ್ರಿಸಿ ಮಣ್ಣ ಕೊಟ್ಟೇವಿ."

"ಗುಡ್ಡದ ಮ್ಯಾಲಿಂದ? ಅಲ್ಲಿಂದ ಹ್ಯಾಂಗ ಇಳಸಿದ್ರಿ?"

ನಾನು ಅಪ್ಪನ ಕಡೆ ನೋಡಿದೆ. "ಗಾಡ್ಯಾಗ" ಎಂದೆ. ನೀನು ಕಲಿಸಿದ ಸುಳ್ಳೇ.

"ಗಾಡ್ಯಾಗ ಹೆಣಾ ಮಲಗಸ್ತಾರಲ್ಲೋ" ಎಂದು ಅವಳು ಹಣೆಯನ್ನು ಗೋಡೆಗೆ ಬಡಿದುಕೊಂಡಳು. ನಿನ್ನ ಅಕ್ಕ ಓಡಿಬಂದು ತಲೆಗೆ ಕೈ ಅಡ್ಡ ಕೊಟ್ಟಳು.

ಆಗ ಬಾಯಿಬಿಟ್ಟೆ. "ಗಾಡಿ ಅಲ್ಲ ಯವ್ವಾ. ನಾ ಡ್ರೈವರ್ ಅಲ್ಲ. ನಾ ಹೇಸರಗತ್ತಿ ಹೊಡಿಯಾಂವ. ಅದರ ಮ್ಯಾಲ ಕುಂದ್ರಿಸಿ, ನಾನೇ ಕಟ್ಟಿ, ನಾನೇ ಹಿಡ್ಕೊಂಡು ಇಳಿಸೇನಿ. ಎಲ್ಲೂ ವಾಲಾಕ ಬಿಡಲಿಲ್ಲ."

ಯಾರೋ ಕೆಮ್ಮಿದರು. ಅಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ನಾನು ನೆಲ ನೋಡುತ್ತಾ ಕೂತೆ. ನಿನ್ನವ್ವ ಹತ್ತಿರ ಸರಿದು ಕೇಳಿದಳು, "ನೆಟ್ಟಗ ಕುಂತಿದ್ನಾ?" ನೆಟ್ಟಗೆ ಕೂತಿದ್ದ ಎಂದೆ. ಅವಳು ಎದ್ದು ಮುಖ ತೊಳೆದುಕೊಂಡು ಬಂದಳು. ನಿನ್ನ ಅಕ್ಕ ಕೊಟ್ಟ ರೊಟ್ಟಿ ಮುರಿದು ಬಾಯಿಗಿಟ್ಟಳು.

ಶಿವಶರಣಾ, ನಾಚಿಕೆ ಯಾವುದಕ್ಕೆ ಗೊತ್ತೇ? ಹೇಸರಗತ್ತೆಗಲ್ಲ. ನಿನ್ನವ್ವ ಗೋಡೆಗೆ ಹಣೆ ಬಡಿದುಕೊಳ್ಳುವ ತನಕ ನಾನು ಅಪ್ಪನ ಮುಖ ನೋಡುತ್ತಿದ್ದೆನಲ್ಲ, ಅದಕ್ಕೆ.

ಅಪ್ಪ ಆ ರಜೆಯಲ್ಲಿ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಹೊರಡುವ ದಿನ ಮಾತ್ರ ಗಾಣಗಾಪುರಕ್ಕೆ ಕರೆದೊಯ್ದು ದತ್ತನಿಗೆ ಕಾಯಿ ಒಡೆಸಿದ. ಬಸ್ಸಿಗೆ ಕಾಯುತ್ತಾ ಚೌಡಾಪುರದಲ್ಲಿ ಚಹಾ ಕುಡಿಯುತ್ತಿದ್ದೆವು. "ಏನ್ರಿ ಗೌಡ್ರ, ಡ್ರೈವರ್ ಸಾಹೇಬ ಹೊಂಟಾನೇನ್ರಿ?" ಎಂದ ಹೋಟೆಲಿನವನು. ಅಪ್ಪ ಬಸಿಯಲ್ಲಿ ಚಹಾ ಸುರಿದು, ಊದಿ, ಕುಡಿದು ಮುಗಿಸಿದ. "ಡ್ರೈವರ್ ಅಲ್ಲಪ್ಪ. ಹೇಸರಗತ್ತಿ ನೋಡ್ಕೋತಾನ" ಎಂದ. ಅಷ್ಟೇ. ಅಭಿಮಾನವೋ, ಬೇಸರವೋ, ನನಗೆ ತಿಳಿಯಲಿಲ್ಲ. ಹೋಟೆಲಿನವನು ನಗುತ್ತಾನೆಂದು ಹೆದರಿ ನಾನು ಅಲ್ಲಿ ನಿಂತಿದ್ದ ಬೇರೊಂದು ಬಸ್ಸಿನ ಮರೆಗೆ ಹೋಗಿ ನಿಂತೆ. ಅಪ್ಪನಿಗಿದ್ದ ಧೈರ್ಯ ನನಗೆ ಇರಲಿಲ್ಲ.

ಇನ್ನು ನಿನ್ನೆಯ ಮಾತು. ನಿನ್ನವ್ವ ಈಗ ಹಾಸಿಗೆ ಹಿಡಿದಿದ್ದಾಳೆ. ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಮೊದಲಿನಂತೆಯೇ ಹರಿತ. ನಮ್ಮ ಓಣಿಯಲ್ಲಿ ಸತ್ತವರನ್ನು ಕೂರಿಸಿ ಕಟ್ಟುವುದರಲ್ಲಿ ನುರಿತ ಹಿರಿಯರು ಇದ್ದಾರಲ್ಲ, ಅವರು ನಿನ್ನೆ ಅವಳನ್ನು ನೋಡಲು ಬಂದಿದ್ದರು. ಅವರ ಎದುರೇ ನನ್ನನ್ನು ಕರೆಸಿದಳು. "ನನ್ನ ಇವರ್ಯಾರೂ ಕಟ್ಟೂದು ಬ್ಯಾಡ. ನನ್ನ ಮಗನ್ನ ಕಟ್ಟಿದ ಕೈಯೇ ನನ್ನ ಕಟ್ಟಬೇಕು" ಎಂದಳು. ಹಿರಿಯರು ನನ್ನ ಕಡೆ ತಿರುಗಿದರು. ಈ ಸಲ ಬೇರೆ ಯಾರ ಮುಖವನ್ನೂ ನೋಡಲಿಲ್ಲ, ಅವಳ ಮುಖ ನೋಡಿಕೊಂಡೇ ಹೂಂ ಎಂದೆ.

ಹೂಂ ಎಂದದ್ದನ್ನು ನಿನಗೂ ಹೇಳುತ್ತಿದ್ದೇನೆ. ನಮ್ಮ ಓಣಿಯ ತಗ್ಗು ದಿಣ್ಣೆ ನಿನಗೆ ಗೊತ್ತಿದೆ. ಮನೆಯ ಹೊಸ್ತಿಲಿನಿಂದ ಹೊಲದ ಮಣ್ಣಿನ ತನಕ ನಿನ್ನವ್ವನ ತಲೆ ಒಂದು ಕಡೆಗೂ ವಾಲದು.

ನಿನ್ನ,
ಮಲ್ಲಿ